ಪರದೇಶದಲ್ಲಿ ಕನ್ನಡ ಚಾನೆಲ್ ಬರುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವುದು ಹೀಗೆ

ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋದ ತಾಯಿ, ಮಗನ ಮನೆಗೆಂದು ಲಂಡನ್‌ಗೆ ಹೋದ ಅಪ್ಪ, ಕೆಲಸದ ಮೇಲೆ ದುಬೈಗೆ ಹೋದವರು, ಎಲ್ಲರ ದೂರೂ ಒಂದೇ. "ಊರಲ್ಲಿ ಚೆನ್ನಾಗಿ ಬರ್ತಿತ್ತು, ಇಲ್ಲಿ ಬರ್ತಿಲ್ಲ." ಮಕ್ಕಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆವರೆಗೂ ಮನೆಯಲ್ಲಿ ಒಬ್ಬರೇ. ಹೊರಗೆ ಚಳಿ, ಬೀದಿಯಲ್ಲಿ ಮಾತಾಡಿಸುವವರಿಲ್ಲ. ಅಂಥ ಹೊತ್ತಿನಲ್ಲಿ ಮನೆಯೊಳಗೆ ಕನ್ನಡ ಕೇಳಿಸುವುದು ದೊಡ್ಡ ಆಸರೆ. ಹಾಗಾಗಿ ಈ ತೊಂದರೆಯನ್ನು ನಾನು ಸಣ್ಣದು ಅಂದುಕೊಳ್ಳುವುದಿಲ್ಲ.

ಇಂಥ ಫೋನ್ ಬಂದಾಗ ನಾನು ಮೊದಲು ಕೇಳುವುದು ಇಷ್ಟೇ: "ಸ್ಕ್ರೀನ್ ಮೇಲೆ ಏನು ಬರೆದಿದೆ? ಇದ್ದ ಹಾಗೇ ಓದಿ ಹೇಳಿ." ಬರ್ತಿಲ್ಲ ಅನ್ನುವ ಒಂದೇ ಮಾತಿನಲ್ಲಿ ಹತ್ತು ಬಗೆಯ ದೋಷ ಸೇರಿಕೊಂಡಿರುತ್ತದೆ. ಆ್ಯಪ್ ತೆರೆದೇ ಇಲ್ಲ ಅನ್ನುವುದು ಬೇರೆ. ತೆರೆದಿದೆ, ಆದರೆ ಲಾಗಿನ್ ಆಗುತ್ತಿಲ್ಲ ಅನ್ನುವುದು ಬೇರೆ. ಹಳೆಯ ಸಂಚಿಕೆ ಬರುತ್ತದೆ, ಲೈವ್ ಬರಲ್ಲ ಅನ್ನುವುದು ಇನ್ನೂ ಬೇರೆ. ಯಾವುದು ಎಂದು ಗೊತ್ತಾಗುವ ಮೊದಲೇ ಜನ ಏನೇನೋ ಕೊಳ್ಳುತ್ತಾರೆ. ಒಬ್ಬರು ವಿಪಿಎನ್‌ಗೆ, ಅಂದರೆ ನೀವು ಬೇರೆ ದೇಶದಲ್ಲಿರುವಂತೆ ತೋರಿಸುವ ಸೇವೆಗೆ, ಒಂದು ವರ್ಷದ ದುಡ್ಡು ಕಟ್ಟುತ್ತಾರೆ, ಇನ್ನೊಬ್ಬರು ಯಾರೋ ಹೇಳಿದರು ಅಂತ ಬಾಕ್ಸ್ ತರಿಸುತ್ತಾರೆ. ಆಮೇಲೆ ನೋಡಿದರೆ ತೊಂದರೆ ಇದ್ದದ್ದು ಪ್ಲಾನ್‌ನಲ್ಲಿ.

ದೋಷ ಇರಬಹುದಾದ ಜಾಗ ನಾಲ್ಕೇ. ನೆಟ್, ದೇಶ, ಖಾತೆ, ಟಿವಿ. ಇವುಗಳಲ್ಲಿ ಯಾವುದು ಎಂದು ತಿಳಿಯುವವರೆಗೂ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಮೊದಲು ಮಾಡಬೇಕಾದ ಪರೀಕ್ಷೆಗಳು

ಅದೇ ಫೋನ್, ಅದೇ ವೈಫೈ. ಯೂಟ್ಯೂಬ್ ತೆರೆದು ಟಿವಿ9 ಕನ್ನಡ ಅಥವಾ ಪಬ್ಲಿಕ್ ಟಿವಿಯ ಲೈವ್ ಹಾಕಿ. ಕನ್ನಡದ ಸುದ್ದಿ ಚಾನೆಲ್‌ಗಳು ಅಲ್ಲಿ ಹಗಲೂ ರಾತ್ರಿ ಲೈವ್ ಕೊಡುತ್ತವೆ, ದುಡ್ಡೂ ಬೇಡ. ಅದು ನಿಲ್ಲದೆ ಓಡಿದರೆ ನಿಮ್ಮ ನೆಟ್ ಸರಿಯಾಗಿದೆ ಎಂದಾಯಿತು. ಅದೂ ತಡವರಿಸಿದರೆ ಆ್ಯಪ್ ಅನ್ನು ಬೈಯಬೇಡಿ, ಕೆಳಗಿನ ನೆಟ್ ಭಾಗಕ್ಕೆ ಹೋಗಿ.

ಯೂಟ್ಯೂಬ್ ಸರಿ ಇದೆ, ಆ್ಯಪ್ ಮಾತ್ರ ಮುಷ್ಕರ ಹೂಡಿದೆ ಅಂದರೆ ಎರಡನೇ ಪರೀಕ್ಷೆ. ಫೋನಿನ ಬ್ರೌಸರ್‌ನಲ್ಲಿ "ವಾಟ್ ಈಸ್ ಮೈ ಐಪಿ" ಎಂದು ಹುಡುಕಿ, ಬರುವ ಯಾವುದಾದರೂ ಒಂದು ತಾಣ ತೆರೆಯಿರಿ. ಒಂದು ಸಾಲು ಅಂಕಿ (ಅದೇ ಐಪಿ, ನಿಮ್ಮ ನೆಟ್‌ನ ವಿಳಾಸ), ಅದರ ಕೆಳಗೆ ಊರು ಮತ್ತು ದೇಶದ ಹೆಸರು ಕಾಣುತ್ತದೆ. ಆ್ಯಪ್ ಕಂಪನಿಯವರು ನೋಡುವುದೂ ಇದನ್ನೇ. ಅಲ್ಲಿ ಯಾವ ದೇಶ ಇದೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಖಾತೆಯ ಪರೀಕ್ಷೆ. ಊರಿನಲ್ಲಿರುವ ಮನೆಯವರಿಗೆ ಫೋನ್ ಮಾಡಿ, ಅದೇ ನಂಬರಿನ ಖಾತೆಯಲ್ಲಿ ಅದೇ ಚಾನೆಲ್ ಹಾಕಿ ನೋಡಲು ಹೇಳಿ. ಅಲ್ಲಿಯೂ ಬರದಿದ್ದರೆ ನೀವು ಪರದೇಶದಲ್ಲಿರುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪ್ಲಾನ್ ಮುಗಿದಿರುತ್ತದೆ. ರೀಚಾರ್ಜ್ ಜೊತೆ ಉಚಿತವಾಗಿ ಬಂದ ಸಬ್‌ಸ್ಕ್ರಿಪ್ಷನ್‌ಗಳಲ್ಲಿ ಹೀಗಾಗುವುದು ಜಾಸ್ತಿ. ವಿದೇಶಕ್ಕೆ ಹೋಗಿದ್ದೀವಲ್ಲ ಅಂತ ಊರಿನ ಸಿಮ್‌ಗೆ ರೀಚಾರ್ಜ್ ಮಾಡಿಸುವುದನ್ನು ಬಿಟ್ಟಿರುತ್ತಾರೆ. ಅದರ ಜೊತೆಗೆ ಚಾನೆಲ್ಲೂ ಹೋಗಿರುತ್ತದೆ.

ದೇಶದ ತಡೆ

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. "ನಾಟ್ ಅವೈಲಬಲ್ ಇನ್ ಯುವರ್ ರೀಜನ್" ಎಂಬ ಸಾಲು ಬಂದರೆ ಅನುಮಾನವೇ ಬೇಡ. ಆದರೆ ಎಷ್ಟೋ ಆ್ಯಪ್‌ಗಳು ಇದನ್ನು ನೇರವಾಗಿ ಹೇಳುವುದಿಲ್ಲ. ಬರೀ ಒಂದು ಎರರ್ ನಂಬರ್ ತೋರಿಸುತ್ತವೆ, ಇಲ್ಲವೇ ಸುಮ್ನೆ ಸುತ್ತುತ್ತಾ ಇರುತ್ತವೆ. ಕೆಲವು ಸಲ ಚಾನೆಲ್ ಹೆಸರೇ ಪಟ್ಟಿಯಿಂದ ಮಾಯವಾಗಿರುತ್ತದೆ.

ತಡೆ ಏಕೆ ಅಂದರೆ, ಒಂದು ಕಾರ್ಯಕ್ರಮವನ್ನು ತೋರಿಸುವ ಹಕ್ಕು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರಾಟವಾಗುತ್ತದೆ. ಕ್ರಿಕೆಟ್‌ನಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. 2023ರಿಂದ 2027ರವರೆಗಿನ ಐಪಿಎಲ್ ಹಕ್ಕುಗಳು 2022ರ ಹರಾಜಿನಲ್ಲಿ ಒಟ್ಟು 48,390 ಕೋಟಿ ರೂಪಾಯಿಗೆ ಹೋದವು. ಭಾರತದ ಟಿವಿಗೆ ಒಬ್ಬರು, ಭಾರತದ ಮೊಬೈಲ್‌ಗೆ ಇನ್ನೊಬ್ಬರು, ಅಮೆರಿಕಕ್ಕೆ ಮತ್ತೊಬ್ಬರು. ಅಮೆರಿಕದ ಹಕ್ಕು ಪಡೆದದ್ದು ಟೈಮ್ಸ್ ಇಂಟರ್‌ನೆಟ್, ಅಲ್ಲಿ ಪಂದ್ಯ ಬರುವುದು ವಿಲ್ಲೋ ಚಾನೆಲ್‌ನಲ್ಲಿ. ಹಾಗಿರುವಾಗ ಭಾರತದ ಆ್ಯಪ್ ಡಲ್ಲಾಸ್‌ನಲ್ಲಿ ಕೂತವರಿಗೆ ಅದೇ ಪಂದ್ಯ ತೋರಿಸಿದರೆ ಒಪ್ಪಂದ ಮುರಿದಂತೆ. ಚಾನೆಲ್ ಬರುತ್ತಿದ್ದು ಪಂದ್ಯದ ಹೊತ್ತಿಗೆ ಮಾತ್ರ ಸ್ಕ್ರೀನ್ ಖಾಲಿಯಾದರೆ ಕಾರಣ ಇದೇ. ರಿಪೇರಿ ಮಾಡುವಂಥದ್ದು ಏನೂ ಇಲ್ಲ, ಆ ದೇಶದಲ್ಲಿ ಹಕ್ಕು ಯಾರ ಬಳಿ ಇದೆಯೋ ಅಲ್ಲಿ ನೋಡಬೇಕು. ಸಿನಿಮಾಗಳಿಗೂ ಇದೇ ಲೆಕ್ಕ.

ಈಗ ಒಂದು ವಿಚಿತ್ರ. "ಫೋನ್‌ನಲ್ಲಿ ಹೊರಗಡೆ ಇದ್ದಾಗ ಬರುತ್ತೆ, ಮನೆಗೆ ಬಂದರೆ ನಿಂತುಹೋಗುತ್ತೆ" ಎನ್ನುವವರು ಸಿಗುತ್ತಾರೆ. ಕೇಳಿದರೆ ನಂಬುವುದು ಕಷ್ಟ, ಆದರೆ ಅವರು ಹೇಳುವುದು ನಿಜ. ಭಾರತದ ಸಿಮ್ ಹಾಕಿಕೊಂಡು ಅಂತರರಾಷ್ಟ್ರೀಯ ರೋಮಿಂಗ್ ಡೇಟಾ ಬಳಸಿದಾಗ, ನಿಮ್ಮ ಡೇಟಾ ಸಾಮಾನ್ಯವಾಗಿ ಅಲ್ಲಿಂದ ನೇರವಾಗಿ ಇಂಟರ್‌ನೆಟ್‌ಗೆ ಹೋಗುವುದಿಲ್ಲ. ಮೊದಲು ಭಾರತದಲ್ಲಿರುವ ನಿಮ್ಮ ಮೊಬೈಲ್ ಕಂಪನಿಯ ನೆಟ್‌ವರ್ಕ್‌ಗೆ ಬಂದು, ಅಲ್ಲಿಂದ ಹೊರಗೆ ಹೋಗುತ್ತದೆ. ಕಾಗದವನ್ನು ಯಾರ ಕೈಯಲ್ಲೋ ಊರಿಗೆ ಕಳಿಸಿ ಅಲ್ಲಿಯ ಅಂಚೆ ಡಬ್ಬಿಗೆ ಹಾಕಿಸಿದ ಹಾಗೆ, ಮೇಲೆ ಬೀಳುವ ಮೊಹರು ಊರಿನದ್ದೇ. ಆ್ಯಪ್ ನೋಡುವುದು ಆ ಮೊಹರನ್ನು. ಅದಕ್ಕೇ ರೋಮಿಂಗ್‌ನಲ್ಲಿ ನೀವು ಭಾರತದಲ್ಲಿದ್ದೀರಿ ಎಂದುಕೊಳ್ಳುತ್ತದೆ, ಮನೆಯ ವೈಫೈ ಹಿಡಿದ ಕೂಡಲೇ ಅಮೆರಿಕದಲ್ಲಿದ್ದೀರಿ ಎನ್ನುತ್ತದೆ.

ಹಾಗಾಗಿ ಇದು ಬಹಳ ಒಳ್ಳೆಯ ಪರೀಕ್ಷೆ. ರೋಮಿಂಗ್ ಪ್ಯಾಕ್ ಇದ್ದರೆ ವೈಫೈ ಆರಿಸಿ, ಐಪಿ ತಾಣವನ್ನು ಮತ್ತೊಮ್ಮೆ ತೆರೆಯಿರಿ. ದೇಶ ಇಂಡಿಯಾ ಎಂದು ಬದಲಾಗಿ ಆ್ಯಪ್ ಓಡಲು ಶುರುವಾದರೆ ದೇಶದ ತಡೆ ಎಂಬುದು ಖಚಿತ. ನೆಟ್ ಸರಿ, ಖಾತೆ ಸರಿ, ಟಿವಿ ಸರಿ. ಪರೀಕ್ಷೆ ಮುಗಿದ ಕೂಡಲೇ ವೈಫೈ ಮತ್ತೆ ಹಾಕಿ. ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿವರೆಗೂ ತಿನ್ನುತ್ತದೆ. ಪ್ಯಾಕ್ ಇಲ್ಲದೆ ಈ ಪರೀಕ್ಷೆ ಮಾಡಲೇಬೇಡಿ, ಬಿಲ್ ಕೈಸುಡುತ್ತದೆ.

ಇದರ ತಿರುವುಮುರುವು ಕೂಡ ಇದೆ. ಪ್ರವಾಸಕ್ಕೆಂದು ಆನ್‌ಲೈನ್‌ನಲ್ಲಿ ಕೊಂಡ ಇ-ಸಿಮ್‌ಗಳು (ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್) ಡೇಟಾವನ್ನು ಮೂರನೇ ದೇಶದ ಮೂಲಕ ಸಾಗಿಸುವುದುಂಟು. ನೀವು ಇರುವುದು ಪ್ಯಾರಿಸ್‌ನಲ್ಲಿ, ಐಪಿ ತಾಣ ಹೇಳುವುದು ಸಿಂಗಪುರ ಅಥವಾ ಹಾಂಗ್‌ಕಾಂಗ್. ಆಗ ಫ್ರಾನ್ಸ್‌ನಲ್ಲಿ ಸಿಗಬೇಕಾದ ಕಾರ್ಯಕ್ರಮವೂ ಸಿಗುವುದಿಲ್ಲ. ಮೊದಲು ಬರೆದಿಟ್ಟ ಚೀಟಿಯಲ್ಲಿ ನೀವು ಕಾಲಿಡದ ದೇಶದ ಹೆಸರಿದ್ದರೆ ದೋಷ ಇ-ಸಿಮ್‌ನಲ್ಲಿದೆ. ಹೋಟೆಲಿನ ವೈಫೈಗೆ ಬದಲಾಯಿಸಿ ನೋಡಿ. ಮಗನ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಹೀಗೇ. ಆಫೀಸಿನ ವಿಪಿಎನ್ ಚಾಲೂ ಇದ್ದರೆ ಅದು ಯಾವುದೋ ಬೇರೆ ಊರನ್ನು ತೋರಿಸುತ್ತದೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಧಾರಾವಾಹಿ ಬೇಡ, ಬೇರೆ ಫೋನ್ ಬಳಸಿ.

ತಡೆ ಇದೆ ಎಂದು ಗೊತ್ತಾದ ಮೇಲೆ

ಹೆಚ್ಚಿನ ಚಾನೆಲ್‌ಗಳಿಗೆ ನೇರ ದಾರಿ ಇದೆ, ಜನರಿಗೆ ಗೊತ್ತಿರುವುದಿಲ್ಲ ಅಷ್ಟೇ. ಭಾರತದ ಪ್ಲಾನ್ ಬೇರೆ, ಹೊರದೇಶದ ಪ್ಲಾನ್ ಬೇರೆ. ಇದೊಂದು ಅರ್ಥವಾದರೆ ಅರ್ಧ ಗೊಂದಲ ಕಳೆಯುತ್ತದೆ.

ಜೀ ಕನ್ನಡದ ಕಾರ್ಯಕ್ರಮಗಳು ಇರುವುದು ಜೀ5ನಲ್ಲಿ. ಅದು 2018ರಲ್ಲಿ ಹೊರದೇಶಗಳಿಗೆ ಹೋಯಿತು, ಅಮೆರಿಕಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ಊರಿನಲ್ಲಿ ಕಟ್ಟಿದ ಜೀ5 ಪ್ಲಾನ್ ಇಟ್ಟುಕೊಂಡು ಅಲ್ಲಿ ಒದ್ದಾಡುವ ಬದಲು ಆ ದೇಶದ ಪ್ಲಾನ್ ಒಂದು ತಿಂಗಳಿಗೆ ತೆಗೆದುಕೊಳ್ಳಿ. ಉದಯ ಟಿವಿ ಸನ್ ನೆಕ್ಸ್ಟ್‌ನಲ್ಲಿದೆ. ಅಲ್ಲಿಯೂ ಹೊರದೇಶದ ದರ ಬೇರೆ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡೂ ಈಗ ಭಾರತದಲ್ಲಿ ಜಿಯೊಹಾಟ್‌ಸ್ಟಾರ್‌ನಲ್ಲಿ ಬರುತ್ತವೆ. 2025ರ ಫೆಬ್ರವರಿ 14ರಂದು ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಆದ ಆ್ಯಪ್ ಅದು. ಹೊರದೇಶದಲ್ಲಿ ಹಾಟ್‌ಸ್ಟಾರ್‌ನ ಲೆಕ್ಕ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ 2021ರ ಸೆಪ್ಟೆಂಬರ್‌ನಿಂದಲೇ ಅದರ ಕಾರ್ಯಕ್ರಮಗಳನ್ನು ಹುಲು ಆ್ಯಪ್ ಒಳಗೆ ಕೊಡಲು ಶುರು ಮಾಡಿದ್ದರು. ಹಾಗಾಗಿ ಹಾಟ್‌ಸ್ಟಾರ್ ತೆರೆಯದಿದ್ದರೆ ಗಾಬರಿ ಬೇಡ, ಆ ದೇಶದಲ್ಲಿ ಅದು ಯಾವ ಮನೆಯಲ್ಲಿದೆ ಎಂದು ಮೊದಲು ನೋಡಿ.

ಲೈವ್ ಚಾನೆಲ್ಲೇ ಬೇಕು, ಊರಿನ ಟಿವಿ ಥರ ಹಾಕಿ ಬಿಟ್ಟಿರಬೇಕು ಅನ್ನುವವರಿಗೆ ಯಪ್‌ಟಿವಿ, ಅಮೆರಿಕದಲ್ಲಾದರೆ ಸ್ಲಿಂಗ್, ಇಂಥವು ಭಾಷೆವಾರು ಪ್ಯಾಕ್ ಮಾರುತ್ತವೆ. ದುಡ್ಡು ಕಟ್ಟುವ ಮೊದಲು ಚಾನೆಲ್ ಪಟ್ಟಿಯನ್ನು ಒಂದೊಂದಾಗಿ ಓದಿ. "ಕನ್ನಡ" ಎಂದು ಹಾಕಿದ ಮಾತ್ರಕ್ಕೆ ನಿಮ್ಮ ಚಾನೆಲ್ ಅದರಲ್ಲಿ ಇರಲೇಬೇಕೆಂದಿಲ್ಲ. ವಯಸ್ಸಾದವರಿಗೆ ನನ್ನ ಸಲಹೆ ಇಂಥ ಪ್ಯಾಕೇ. ಆ್ಯಪ್ ಒಳಗೆ ಹೊಕ್ಕು ಸಂಚಿಕೆ ಹುಡುಕುವುದು ಅವರಿಗೆ ಸುಸ್ತು. ರಿಮೋಟ್ ಒತ್ತಿದರೆ ಚಾನೆಲ್ ಬರಬೇಕು, ಅಲ್ವಾ?

ಯುರೋಪಿನಲ್ಲಿ ಒಂದು ಕಾನೂನಿದೆ, ಮನೆಯ ಸಬ್‌ಸ್ಕ್ರಿಪ್ಷನ್ ಎಲ್ಲ ಕಡೆ ನಡೆಯುತ್ತದಂತೆ ಎಂದು ಕೆಲವರು ಹೇಳುತ್ತಾರೆ. ಕಾನೂನು ಇರುವುದು ನಿಜ, 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಅದು ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವಾಸಿಸುವವರು ಅಲ್ಲೇ ಕೊಂಡ ಪ್ಲಾನ್‌ಗೆ. ಮೈಸೂರಿನಲ್ಲಿ ಕೊಂಡ ಪ್ಲಾನ್‌ಗೆ ಅನ್ವಯಿಸುವುದಿಲ್ಲ.

ಊರಿನ ಡಿಟಿಎಚ್ ಬಾಕ್ಸ್ ಕಟ್ಟಿಕೊಂಡು ಹೋಗುವ ಯೋಚನೆ ಇದ್ದರೆ ಇಲ್ಲೇ ಬಿಡಿ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ನಿಂತಿರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನ್ಯೂಜೆರ್ಸಿಯಿಂದ ನೋಡಿದರೆ ಅದು ಭೂಮಿಯ ಆಚೆ ಮಗ್ಗುಲಲ್ಲಿದೆ. ಡಿಶ್ ಯಾವ ಕಡೆ ತಿರುಗಿಸಿದರೂ ಸಿಗ್ನಲ್ ಸಿಗುವುದಿಲ್ಲ.

ಖಾತೆ, ಒಟಿಪಿ, ದುಡ್ಡು

ಲಾಗಿನ್ ಪುಟದಲ್ಲೇ ನಿಂತಿದ್ದರೆ ತೊಂದರೆ ಒಟಿಪಿಯದ್ದು. ಸಿಮ್ ಫೋನಿನಲ್ಲೇ ಇರುತ್ತದೆ, ಆದರೆ ಅಂತರರಾಷ್ಟ್ರೀಯ ರೋಮಿಂಗ್ ಆನ್ ಆಗಿರುವುದಿಲ್ಲ. ಸಿಗ್ನಲ್ ಜಾಗದಲ್ಲಿ ಅಲ್ಲಿನ ಕಂಪನಿಯ ಹೆಸರು ಕಾಣುತ್ತಿದೆಯೇ ನೋಡಿ. "ನೋ ಸರ್ವಿಸ್" ಎಂದಿದ್ದರೆ ಎಷ್ಟು ಸಲ ರೀಸೆಂಡ್ ಒತ್ತಿದರೂ ಒಟಿಪಿ ಬರುವುದಿಲ್ಲ. ಸುಮ್ಮನೆ ಒತ್ತುತ್ತಾ ಹೋದರೆ ಖಾತೆ ಸ್ವಲ್ಪ ಹೊತ್ತು ಲಾಕ್ ಆಗುವ ಅಪಾಯವೂ ಇದೆ. ಮೊಬೈಲ್ ಕಂಪನಿಯ ಆ್ಯಪ್‌ನಲ್ಲಿ ರೋಮಿಂಗ್ ಆನ್ ಮಾಡಿ, ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಎಸ್‌ಎಂಎಸ್‌ಗೆ ಅಷ್ಟು ಸಾಕು.

ಇದಕ್ಕೆ ಸುಲಭವಾದ ಮದ್ದು ಹೊರಡುವ ಮುಂಚಿನದು. ಆ್ಯಪ್‌ನಲ್ಲಿ ಇಮೇಲ್ ಸೇರಿಸುವ ಅವಕಾಶ ಇದ್ದರೆ ಬೆಂಗಳೂರಿನಲ್ಲೇ ಸೇರಿಸಿ, ಒಮ್ಮೆ ಅದರಿಂದ ಲಾಗಿನ್ ಆಗಿ ನೋಡಿ. ಬೇಕಾದ ಆ್ಯಪ್‌ಗಳನ್ನೆಲ್ಲ ಊರಿನಲ್ಲೇ ಇಳಿಸಿಕೊಳ್ಳಿ, ಅಪ್‌ಡೇಟ್ ಕೂಡ ಮಾಡಿ. ಅಲ್ಲಿ ಹೋದ ಮೇಲೆ ಹೊಸ ಫೋನ್ ಕೊಡಿಸುತ್ತಾರೆ, ಹೊಸ ಖಾತೆ ಮಾಡಿಕೊಡುತ್ತಾರೆ, ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಕಾಣುವುದೇ ಇಲ್ಲ. ಆಗ ಆ್ಯಪ್ ತೆಗೆದುಬಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ತೆಗೆದಿಲ್ಲ, ಸ್ಟೋರ್‌ನ ದೇಶ ಬೇರೆಯಾಗಿದೆ. ಪ್ಲೇ ಸ್ಟೋರ್‌ನ ದೇಶವನ್ನು ವರ್ಷಕ್ಕೆ ಒಂದೇ ಸಲ ಬದಲಾಯಿಸಬಹುದು. ಎರಡು ತಿಂಗಳಿಗೆಂದು ಹೋದವರು ಅದನ್ನು ಮುಟ್ಟಬೇಡಿ, ವಾಪಸ್ ಬಂದ ಮೇಲೆ ಇಲ್ಲಿನ ಆ್ಯಪ್‌ಗಳಿಗೆ ಪರದಾಡಬೇಕಾಗುತ್ತದೆ. ಆ್ಯಪಲ್ ಫೋನ್‌ನಲ್ಲಿ ದೇಶ ಬದಲಾಯಿಸಬೇಕಾದರೆ ನಡೆಯುತ್ತಿರುವ ಸಬ್‌ಸ್ಕ್ರಿಪ್ಷನ್‌ಗಳನ್ನು ಮೊದಲು ರದ್ದು ಮಾಡಬೇಕು, ಅದು ಇನ್ನೂ ತಲೆನೋವು.

ಹಣ ಕಟ್ಟುವಾಗ ಕಾರ್ಡ್ ತಿರಸ್ಕಾರವಾದರೆ ಎರಡು ಕಡೆ ನೋಡಿ. ಭಾರತದ ಕಾರ್ಡ್‌ನಿಂದ ಡಾಲರ್ ಪ್ಲಾನ್ ಕೊಳ್ಳುತ್ತಿದ್ದೀರಾ? ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳು ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಬಳಕೆಗೆ ಮಾತ್ರ ತೆರೆದಿರುತ್ತವೆ. ಆನ್‌ಲೈನ್ ಮತ್ತು ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಇನ್ನೊಂದು ಕಡೆ, ಮಗಳ ಅಮೆರಿಕದ ಕಾರ್ಡ್‌ನಿಂದ ಭಾರತದ ಪ್ಲಾನ್‌ಗೆ ಕಟ್ಟಲು ಹೋದರೆ ಆ್ಯಪ್ ಒಪ್ಪದಿರಬಹುದು. ಆಗ ಊರಿನಲ್ಲಿರುವವರು ಯುಪಿಐನಿಂದ ಕಟ್ಟಿದರೆ ಮುಗಿಯಿತು. ಅಲ್ಲೇ ನೆಲೆಸಿ ಎನ್ಆರ್‌ಇ ಅಥವಾ ಎನ್ಆರ್‌ಒ ಖಾತೆ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಇಟ್ಟುಕೊಂಡವರಿಗೆ ಅಲ್ಲಿನ ಮೊಬೈಲ್ ನಂಬರ್‌ನಿಂದಲೇ ಯುಪಿಐ ಬಳಸಲು 2023ರಲ್ಲಿ ಅವಕಾಶ ಬಂತು. ಅಮೆರಿಕ, ಕೆನಡಾ, ಬ್ರಿಟನ್, ಸಿಂಗಪುರ, ಆಸ್ಟ್ರೇಲಿಯಾ, ಯುಎಇ ಸೇರಿ ಮೊದಲಿಗೆ ಹತ್ತು ದೇಶಗಳಿಗೆ ಕೊಟ್ಟರು.

ಇನ್ನೊಂದು ದೋಷ ಮನೆಯೊಳಗಿನದೇ. ಪ್ಲಾನ್‌ನಲ್ಲಿ ಒಂದು ಹೊತ್ತಿಗೆ ಇಷ್ಟೇ ಸಾಧನ ಎಂಬ ಮಿತಿ ಇರುತ್ತದೆ. ಹಾಸನದಲ್ಲಿ ಅಜ್ಜಿ ನೋಡುತ್ತಿರುವ ಹೊತ್ತಿಗೇ ಬೋಸ್ಟನ್‌ನಲ್ಲಿ ಅಮ್ಮ ಹಾಕಿದರೆ ಇಬ್ಬರಲ್ಲಿ ಒಬ್ಬರಿಗೆ ನಿಲ್ಲುತ್ತದೆ. ಖಾತೆಯ ಸೆಟ್ಟಿಂಗ್‌ನಲ್ಲಿ ಸಾಧನಗಳ ಪಟ್ಟಿ ನೋಡಿ, ಹಳೆಯ ಫೋನ್‌ಗಳನ್ನು ತೆಗೆದುಹಾಕಿ.

ಫೋನ್‌ನಲ್ಲಿ ಬರುತ್ತೆ, ಟಿವಿಯಲ್ಲಿ ಬರಲ್ಲ

ಇಲ್ಲಿ ಲಕ್ಷಣ ನೋಡಿಯೇ ದೋಷ ಹೇಳಬಹುದು.

ಧ್ವನಿ ಕೇಳುತ್ತಿದೆ, ಟಿವಿ ಪೂರ್ತಿ ಕಪ್ಪು. ಇದು ಸ್ಕ್ರೀನ್ ಮಿರರ್ ಮಾಡಿದಾಗ, ಅಂದರೆ ಫೋನಿನ ಸ್ಕ್ರೀನನ್ನೇ ಟಿವಿಯಲ್ಲಿ ತೋರಿಸಲು ಹೋದಾಗ, ಆಗುವುದು. ಕಾಪಿ ಆಗದಿರಲೆಂದು ಆ್ಯಪ್‌ನವರು ವಿಡಿಯೊಗೆ ಬೀಗ ಹಾಕಿರುತ್ತಾರೆ. ಸ್ಕ್ರೀನನ್ನು ಬೇರೆ ಕಡೆ ತೋರಿಸಲು ಹೋದರೆ ಚಿತ್ರ ಮುಚ್ಚಿಕೊಳ್ಳುತ್ತದೆ. ಟಿವಿ ಕೆಟ್ಟಿಲ್ಲ. ಮಿರರ್ ಬಿಟ್ಟು ಆ್ಯಪ್ ಒಳಗಿನ ಕಾಸ್ಟ್ ಗುರುತು (ಆ ವಿಡಿಯೊವನ್ನು ಟಿವಿಯಲ್ಲಿ ಹಾಕುವ ಗುಂಡಿ) ಒತ್ತಿ. ಎಚ್‌ಡಿಎಂಐ ತಂತಿಯಿಂದ ಲ್ಯಾಪ್‌ಟಾಪ್ ಜೋಡಿಸಿದಾಗಲೂ ಇದೇ ಕಪ್ಪು ಬರಬಹುದು. ಹಳೆಯ ಅಡಾಪ್ಟರ್‌ಗಳು ಆ ಬೀಗವನ್ನು ಗುರುತಿಸುವುದಿಲ್ಲ. ತಂತಿಯನ್ನು ಅಡಾಪ್ಟರ್ ಇಲ್ಲದೆ ನೇರ ಸಿಕ್ಕಿಸಿ ನೋಡಿ.

ಕಾಸ್ಟ್ ಗುರುತೇ ಕಾಣುತ್ತಿಲ್ಲ. ಮೊದಲು ಪ್ಲಾನ್ ನೋಡಿ. "ಮೊಬೈಲ್" ಎಂದು ಹೆಸರಿರುವ ಅಗ್ಗದ ಪ್ಲಾನ್‌ಗಳು ಫೋನ್‌ಗೆ ಮಾತ್ರ. ಪ್ಲಾನ್ ಸರಿ ಇದ್ದರೆ, ಫೋನ್ ಮತ್ತು ಟಿವಿ ಒಂದೇ ವೈಫೈನಲ್ಲಿವೆಯೇ ನೋಡಿ. ಮಕ್ಕಳು ಅಪ್ಪ ಅಮ್ಮನ ಫೋನ್‌ಗೆ ಗೆಸ್ಟ್ ವೈಫೈ ಕೊಟ್ಟಿರುತ್ತಾರೆ, ಟಿವಿ ಮುಖ್ಯ ವೈಫೈನಲ್ಲಿರುತ್ತದೆ. ಗೆಸ್ಟ್ ವೈಫೈನಲ್ಲಿರುವ ಸಾಧನಗಳು ಒಂದಕ್ಕೊಂದು ಕಾಣದಂತೆ ರೂಟರ್ ತಡೆದಿರುತ್ತದೆ. ಹೋಟೆಲ್‌ಗಳಲ್ಲಿ ಇದು ಮಾಮೂಲು.

ಕಾಸ್ಟ್ ಆಯಿತು, ಟಿವಿಯಲ್ಲಿ ಎರರ್ ಬಂತು. ಕಾಸ್ಟ್ ಒತ್ತಿದಾಗ ಫೋನ್ ಟಿವಿಗೆ ವಿಡಿಯೊ ಕಳಿಸುವುದಿಲ್ಲ. ಯಾವ ವಿಡಿಯೊ ಎಂದು ಹೇಳಿ ಬಿಡುತ್ತದೆ, ಅಷ್ಟೇ. ಅದನ್ನು ತರಿಸಿಕೊಳ್ಳುವುದು ಟಿವಿಯೇ, ತನ್ನ ನೆಟ್‌ನಿಂದ. ಫೋನ್‌ನಲ್ಲಿ ವಿಪಿಎನ್ ಇದ್ದರೂ ಟಿವಿಗೆ ಅದು ಸಿಗುವುದಿಲ್ಲ. ಟಿವಿ ಕಂಡುಬರುವುದು ಆ ದೇಶದ್ದಾಗಿಯೇ.

ಫೈರ್ ಟಿವಿ ಸ್ಟಿಕ್ (ಟಿವಿಗೆ ಸಿಕ್ಕಿಸಿ ಆ್ಯಪ್ ನೋಡುವ ಕಡ್ಡಿ) ಊರಿನಿಂದ ಒಯ್ದಿದ್ದರೆ ಒಂದು ಮಾತು. ಅಮೆರಿಕದಲ್ಲಿ ವಿದ್ಯುತ್ 120 ವೋಲ್ಟ್, ನಮ್ಮಲ್ಲಿ 230. ಅಡಾಪ್ಟರ್ ಮೇಲೆ ಸಣ್ಣ ಅಕ್ಷರದಲ್ಲಿ 100-240 ಎಂದು ಬರೆದಿದ್ದರೆ ಪಿನ್ ಬದಲಾಯಿಸುವ ಸಣ್ಣ ಪ್ಲಗ್ ಸಾಕು. ಹೋಟೆಲಿನ ಟಿವಿಯ ಯುಎಸ್‌ಬಿ ಕಿಂಡಿಯಿಂದ ಸ್ಟಿಕ್‌ಗೆ ಕರೆಂಟ್ ಕೊಟ್ಟರೆ ಅದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿರುತ್ತದೆ. ಎಷ್ಟೋ ಟಿವಿಗಳ ಕಿಂಡಿಯಲ್ಲಿ ಬೇಕಾದಷ್ಟು ಕರೆಂಟ್ ಬರುವುದಿಲ್ಲ, ಗೋಡೆಯ ಪ್ಲಗ್‌ಗೇ ಹಾಕಿ.

ನೆಟ್

ಚಿತ್ರ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಇದು ತಡೆ ಅಲ್ಲ. ತಡೆ ಇದ್ದಿದ್ದರೆ ಮೊದಲ ನಿಮಿಷವೂ ಬರುತ್ತಿರಲಿಲ್ಲ. ಎಚ್‌ಡಿಗೆ ಸುಮಾರು 5 ಎಂಬಿಪಿಎಸ್ ವೇಗ ಸಾಕು. ಅಷ್ಟೂ ಇಲ್ಲದಿದ್ದರೆ ಆ್ಯಪ್‌ನಲ್ಲಿ ಗುಣಮಟ್ಟ ಇಳಿಸಿ. ಹೋಟೆಲ್‌ನಲ್ಲಿ ರಾತ್ರಿ ಎಲ್ಲರೂ ಒಟ್ಟಿಗೆ ವೈಫೈ ಬಳಸುವಾಗ ನಿಂತು, ಬೆಳಿಗ್ಗೆ ಸರಿಯಾದರೆ ನಿಮ್ಮಿಂದ ಆಗುವುದು ಏನೂ ಇಲ್ಲ. ವೈಫೈ ಹಿಡಿದಿದೆ, ಏನೂ ತೆರೆಯುತ್ತಿಲ್ಲ ಅಂದರೆ ಹೋಟೆಲಿನ ಲಾಗಿನ್ ಪುಟದಲ್ಲಿ ರೂಮ್ ನಂಬರ್ ಹಾಕುವುದು ಬಾಕಿ ಇರುತ್ತದೆ.

ಟಿವಿಯ ಗಡಿಯಾರವನ್ನೂ ಒಮ್ಮೆ ನೋಡಿ. ದಿನಾಂಕ ತಪ್ಪಿದ್ದರೆ ಯಾವ ಆ್ಯಪ್ ಕೂಡ ಸುರಕ್ಷಿತ ಸಂಪರ್ಕ ಕೊಡುವುದಿಲ್ಲ. ಸೆಟ್ಟಿಂಗ್‌ನಲ್ಲಿ ಸಮಯವನ್ನು ಆಟೋಮ್ಯಾಟಿಕ್ ಮಾಡಿ.

ದೋಷವೇ ಅಲ್ಲದ ದೋಷ

ನವೆಂಬರ್ ಮೊದಲ ವಾರದಲ್ಲಿ ಅಮೆರಿಕದಿಂದ ಬರುವ ಫೋನ್ ಹೀಗಿರುತ್ತದೆ.

"ಏನೋ, ಹತ್ತು ಗಂಟೆಗೆ ಬರ್ತಿದ್ದ ಧಾರಾವಾಹಿ ಬರ್ತಾನೇ ಇಲ್ಲ. ಹಾಕಿದ್ರೆ ಬೇರೆ ಏನೋ ನಡೀತಿರುತ್ತೆ."

"ಅಮ್ಮಾ, ನಾಳೆ ಒಂಬತ್ತಕ್ಕೇ ಹಾಕಿ ನೋಡಿ."

ಚಾನೆಲ್ ಸಮಯ ಬದಲಿಸಿಲ್ಲ, ಅಮೆರಿಕ ಬದಲಿಸಿದೆ. ಊರಿನ ಸಂಜೆ ಏಳೂವರೆಯ ಧಾರಾವಾಹಿ ನ್ಯೂಯಾರ್ಕ್ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ 10ಕ್ಕೆ, ಚಳಿಗಾಲದಲ್ಲಿ 9ಕ್ಕೆ. ಕ್ಯಾಲಿಫೋರ್ನಿಯಾದಲ್ಲಿ 7 ಮತ್ತು 6. ಲಂಡನ್‌ನಲ್ಲಿ ಮಧ್ಯಾಹ್ನ 3 ಮತ್ತು 2. ಅಮೆರಿಕದಲ್ಲಿ ಗಡಿಯಾರ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಬ್ರಿಟನ್‌ನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ದುಬೈನಲ್ಲಿ ವರ್ಷವಿಡೀ ಸಂಜೆ 6, ಸಿಂಗಪುರದಲ್ಲಿ ರಾತ್ರಿ 10. ಅಲ್ಲಿ ಗಡಿಯಾರ ತಿರುಗಿಸುವ ರೂಢಿಯೇ ಇಲ್ಲ. ಈ ಸಮಯಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಟಿವಿ ಪಕ್ಕ ಅಂಟಿಸಿ ಕೊಡಿ, ಅವರಿಗೆ ಬಹಳ ಉಪಕಾರವಾಗುತ್ತದೆ.

ವಿಪಿಎನ್ ಮತ್ತು ಬಾಕ್ಸ್

ವಿಪಿಎನ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಎಲ್ಲೆಡೆ ಕೇಳುತ್ತೀರಿ. ನಾನು ಯಾರಿಗೂ ಇದನ್ನು ಹೇಳುವುದಿಲ್ಲ. ಹೆಚ್ಚಿನ ಆ್ಯಪ್‌ಗಳ ನಿಯಮವೇ ಅದನ್ನು ಬೇಡ ಅನ್ನುತ್ತದೆ. ಜೊತೆಗೆ ಅದು ನಡೆಯುವುದೂ ಅನುಮಾನ. 2022ರ ಏಪ್ರಿಲ್ 28ರಂದು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ ಹೊರಡಿಸಿದ ಆದೇಶದಲ್ಲಿ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದಿತ್ತು. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್‌ನಂಥ ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದವು. ಎಕ್ಸ್‌ಪ್ರೆಸ್‌ವಿಪಿಎನ್‌ನಲ್ಲಿ "ಇಂಡಿಯಾ" ಎಂದು ಕಾಣುವ ಸರ್ವರ್ ಆಮೇಲೆ ಇದ್ದದ್ದು ಸಿಂಗಪುರ ಮತ್ತು ಬ್ರಿಟನ್‌ನಲ್ಲಿ. ಐಪಿ ನಂಬರ್ ಮಾತ್ರ ಭಾರತದ್ದು. ಇಂಥ ನಂಬರ್‌ಗಳನ್ನು ಸಾವಿರಾರು ಜನ ಹಂಚಿಕೊಳ್ಳುವುದರಿಂದ ಆ್ಯಪ್‌ಗಳು ಬೇಗ ಗುರುತಿಸಿ ಮುಚ್ಚಿಬಿಡುತ್ತವೆ. ಇವತ್ತು ಬಂದದ್ದು ನಾಳೆ ಬರುವುದಿಲ್ಲ, ಮತ್ತೆ ಹೊಸ ದೋಷ ಹುಡುಕುತ್ತಾ ಕೂರಬೇಕು. ಯುಎಇಯಲ್ಲಂತೂ ಅಪರಾಧ ಮಾಡಲು ಅಥವಾ ಮುಚ್ಚಿಡಲು ಐಪಿ ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಮಕ್ಕಳನ್ನು ನೋಡಲು ಹೋದವರು ಒಂದು ಧಾರಾವಾಹಿಗಾಗಿ ಅಂಥ ಗಡಿಯ ಹತ್ತಿರ ಸುಳಿಯುವುದೇ ಬೇಡ.

"ಒಮ್ಮೆ ದುಡ್ಡು ಕೊಟ್ಟರೆ ಸಾವಿರ ಚಾನೆಲ್ ಉಚಿತ" ಎಂದು ಮಾರುವ ಬಾಕ್ಸ್‌ಗಳು ಕದ್ದ ಪ್ರಸಾರ. ಒಂದು ದಿನ ಸರ್ವರ್ ಮುಚ್ಚುತ್ತದೆ, ಮಾರಿದವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ಮನೆಯ ವೈಫೈಗೆ ಯಾರದ್ದೋ ತಂತ್ರಾಂಶ ಸೇರಿಸಿಕೊಂಡ ಅಪಾಯ ಬೇರೆ.

ಕಸ್ಟಮರ್ ಕೇರ್‌ಗೆ ಬರೆಯುವಾಗ

ಇಷ್ಟೆಲ್ಲ ನೋಡಿದ ಮೇಲೂ ಬರದಿದ್ದರೆ ದೂರು ಕೊಡಿ. "ಚಾನೆಲ್ ಬರುತ್ತಿಲ್ಲ" ಎಂದಷ್ಟೇ ಬರೆದರೆ ಆ್ಯಪ್ ತೆಗೆದು ಮತ್ತೆ ಹಾಕಿ ಎಂಬ ಉತ್ತರ ಬಂದು ದೂರು ಮುಚ್ಚಿಹೋಗುತ್ತದೆ. ಖಾತೆಯ ನಂಬರ್ ಅಥವಾ ಇಮೇಲ್, ಪ್ಲಾನ್‌ನ ಹೆಸರು, ಯಾವ ದೇಶದಲ್ಲಿ ಕೊಂಡದ್ದು, ಈಗ ಯಾವ ದೇಶದಲ್ಲಿದ್ದೀರಿ, ಐಪಿ ತಾಣ ತೋರಿಸಿದ ದೇಶ ಯಾವುದು, ಟಿವಿ ಅಥವಾ ಫೋನಿನ ಮಾದರಿ, ಎರರ್ ಬಂದ ಹೊತ್ತು ಭಾರತದ ಸಮಯದಲ್ಲಿ, ಇಷ್ಟನ್ನೂ ಒಂದೇ ಸಂದೇಶದಲ್ಲಿ ಬರೆಯಿರಿ. ಎರರ್ ನಂಬರ್ ಕಾಣುವಂತೆ ಇನ್ನೊಂದು ಫೋನ್‌ನಿಂದ ಟಿವಿಯ ಫೋಟೊ ತೆಗೆದು ಜೊತೆಗೆ ಹಾಕಿ. ಒಟಿಪಿ ಅಥವಾ ಪಾಸ್‌ವರ್ಡ್ ಮಾತ್ರ ಯಾರೇ ಕೇಳಿದರೂ ಕೊಡಬೇಡಿ. ಹುಡುಕಿದಾಗ ಸಿಕ್ಕ ಯಾವುದೋ ನಂಬರ್‌ಗೆ ಫೋನ್ ಮಾಡುವ ಬದಲು ಆ್ಯಪ್ ಒಳಗಿನ ಹೆಲ್ಪ್ ಪುಟದಿಂದಲೇ ಬರೆಯಿರಿ.